ಕೊನೆಯ ಬೆಂಚಿನ ಮಾತು

ಗಣಿತ ವಿಭಾಗದ ನೋಟಿಸ್ ಬೋರ್ಡಿನ ಹಾಳೆಯನ್ನು ಕಲೈಸೆಲ್ವಿ ಮೂರು ಸಲ ಓದಿದಳು. ಮೊದಲನೆಯ ಸಲ ತನ್ನ ಹೆಸರು ಹುಡುಕುತ್ತ, ಎರಡನೆಯ ಸಲ ಅದು ಇಲ್ಲವೆಂದು ನಂಬಲಾಗದೆ, ಮೂರನೆಯ ಸಲ ಅಲ್ಲಿದ್ದ ಇನ್ನೊಬ್ಬಳ ಹೆಸರನ್ನು ಹಲ್ಲು ಕಚ್ಚಿಕೊಂಡು. ಬಿ.ಎಸ್ಸಿ. ಮೂರನೆಯ ವರ್ಷದ ರಿಯಲ್ ಅನಾಲಿಸಿಸ್ ಪೇಪರಿಗೆ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಮೂರೂ ಮುಕ್ಕಾಲರಿಂದ ಐದರವರೆಗೆ ಗ್ರೂಪ್ ಸ್ಟಡಿ. ನಡೆಸುವವರು: ಪಿ. ತಮಿಳರಸಿ, ಎಂ.ಎಸ್ಸಿ. ಮೊದಲ ವರ್ಷ.

ಈ ತಮಿಳರಸಿ ಯಾರು? ಜೂನ್ ತಿಂಗಳಲ್ಲಿ ದಿಂಡಿಗಲ್ಲಿನ ಯಾವುದೋ ಕಾಲೇಜಿನಿಂದ ತೇನಿಗೆ ಬಂದು ಕಲೈಸೆಲ್ವಿಯ ಎಂ.ಎಸ್ಸಿ. ತರಗತಿಗೆ ಸೇರಿದವಳು. ನಿಲಕ್ಕೋಟ್ಟೈ ಕಡೆಯ ಹಳ್ಳಿ, ಮನೆಯಲ್ಲಿ ಮಲ್ಲಿಗೆ ತೋಟ, ಇಲ್ಲಿ ಹಾಸ್ಟೆಲ್ ವಾಸ. ಎರಡೇ ಚೂಡಿದಾರಗಳನ್ನು ತಿರುಗಿಸಿ ಮುರುಗಿಸಿ ಹಾಕುವವಳು. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಅವಳಿಗೆ ಇದೇ ರಿಯಲ್ ಅನಾಲಿಸಿಸ್‌ನಲ್ಲಿ ಅರಿಯರ್ ಇತ್ತು! ಒಂದು ಸಲ ಫೇಲಾಗಿ, ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಬರೆದು, ಐವತ್ತೆಂಟು ಅಂಕ ತೆಗೆದು ಪಾಸಾದವಳು. ಇದನ್ನು ಯಾರೂ ಪತ್ತೆ ಹಚ್ಚಬೇಕಾಗಿರಲಿಲ್ಲ. ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ ಅವಳೇ ನಗುನಗುತ್ತ ಹೇಳಿದ್ದಳು. ಕಲೈಸೆಲ್ವಿಗೆ ಅದೇ ಪೇಪರಿನಲ್ಲಿ ತೊಂಬತ್ತಾರು. ಕಾಲೇಜಿಗೇ ಮೊದಲು.

ನೇರವಾಗಿ ಹರಿಹರನ್ ಸರ್ ಕೋಣೆಗೆ ಹೋಗಿ ನಿಂತಳು. ಅವರು ಕನ್ನಡಕ ಒರೆಸಿಕೊಳ್ಳುತ್ತ ತಮಿಳಿನಲ್ಲಿ ಕೇಳಿದರು, “ಕಳೆದ ವಾರ ನಿಮ್ಮಿಬ್ಬರಿಗೂ ಮೂರು ಮೂರು ಹುಡುಗಿಯರನ್ನು ಕೊಟ್ಟು ಒಂದೇ ಥಿಯರಮ್ ಹೇಳಿಕೊಡಿ ಅಂದೆನಲ್ಲ, ನೆನಪಿದೆಯೇ?”

“ನಾನು ನಾಲ್ಕೇ ನಿಮಿಷದಲ್ಲಿ ಮುಗಿಸಿದೆ ಸರ್. ಅವಳು ಅರ್ಧ ಗಂಟೆ ಎಳೆದಳು.”

“ಹೌದು. ಮಾರನೆಯ ದಿನ ಆರೂ ಜನರನ್ನು ಕರೆದು ಬರೆಯಿಸಿದೆ. ನಿನ್ನ ಮೂವರಲ್ಲಿ ಒಬ್ಬಳೂ ಬರೆಯಲಿಲ್ಲ. ಅವಳ ಮೂವರಲ್ಲಿ ಇಬ್ಬರು ಬರೆದರು. ನಿನಗೆ ಎಲ್ಲವೂ ಗೊತ್ತು ಕಲೈಸೆಲ್ವಿ. ಗೊತ್ತಿಲ್ಲದವರಿಗೆ ಎಲ್ಲಿ ನೋಯುತ್ತದೆ ಅನ್ನುವುದು ಮಾತ್ರ ಗೊತ್ತಿಲ್ಲ. ಈ ಸೆಮಿಸ್ಟರ್ ಅವಳು ನಡೆಸಲಿ. ಮುಂದಿನ ಸೆಮಿಸ್ಟರಿನ ಕಾಂಪ್ಲೆಕ್ಸ್ ಅನಾಲಿಸಿಸ್ ಯಾರಿಗೆ ಅಂತ ಆಮೇಲೆ ನೋಡೋಣ.”

ಫೇಲಾದದ್ದಕ್ಕೆ ಬಹುಮಾನ, ಪಾಸಾದದ್ದಕ್ಕೆ ಬುದ್ಧಿವಾದ. ಕಲೈಸೆಲ್ವಿಯ ಹೊಟ್ಟೆಯೊಳಗೆ ಅಂದು ಹತ್ತಿದ ಉರಿ ಬಹಳ ದಿನ ಆರಲಿಲ್ಲ. ಅವಳನ್ನು ತೀರ ಕೆಟ್ಟವಳೆಂದು ತೀರ್ಮಾನಿಸುವ ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಹನುಮಂತನಪಟ್ಟಿಯಲ್ಲಿ ಅವರ ಬೀದಿಯ ಮಕ್ಕಳಿಗೆಲ್ಲ ಕಣಕ್ಕು ಬಾರದಿದ್ದರೆ, ಅಂದರೆ ಲೆಕ್ಕ ಬಾರದಿದ್ದರೆ, ಅವರು ಬಂದು ನಿಲ್ಲುತ್ತಿದ್ದದ್ದು ಇವಳ ಬಾಗಿಲಲ್ಲಿ. ಎಂಟನೆಯ ಕ್ಲಾಸಿನಿಂದಲೂ ಹಾಗೆಯೇ. ಅಪ್ಪ ತಂಗರಾಜ್ ದ್ರಾಕ್ಷಿ ಚಪ್ಪರದ ಕೆಳಗೆ ಕೂಲಿಯಾಳುಗಳ ಮುಂದೆ “ನಮ್ಮ ಕಲೈಯನ್ನ ಕೇಳಿ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಎಲ್ಲರೂ ಬಂದು ಕೇಳುವವಳು ತಾನೇ ಆಗಿರಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಈಗ ಆ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಳು.

ಅದರಲ್ಲೂ ಕಾರ್ತಿಕಾ. ಒಂದೇ ಮನೆಯಲ್ಲಿರುವ ಚಿಕ್ಕಪ್ಪನ ಮಗಳು, ಬಿ.ಎಸ್ಸಿ. ಮೂರನೆಯ ವರ್ಷ, ಅಕ್ಕ ಹೇಳಿದ್ದೆಂದರೆ ಮುಗಿಯಿತು ಎಂದು ನಂಬಿಕೊಂಡ ಹುಡುಗಿ. ಬೋರ್ಡಿನ ಮುಂದೆ ಬಾ ಎಂದರೆ ಬೆವರುತ್ತಾಳೆ. ರಿಯಲ್ ಅನಾಲಿಸಿಸ್ ಎಂದರೆ ಅವಳಿಗೆ ಜ್ವರ. ಹರಿಹರನ್ ಸರ್ ಆ ತರಗತಿಯಲ್ಲಿ ಹಿಂದೆ ಬಿದ್ದವರೆಲ್ಲ ಗ್ರೂಪ್ ಸ್ಟಡಿಗೆ ಬರಲೇಬೇಕೆಂದು ಹೇಳಿಬಿಟ್ಟರು. ಇತ್ತ ತಂಗರಾಜ್, ಹೆಣ್ಣುಮಕ್ಕಳಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರಬೇಕೆಂದು ಮೊದಲ ವರ್ಷವೇ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಮಂಗಳವಾರ ಗುರುವಾರ ತಂಗಿ ಓದಿ ಮುಗಿಸುವವರೆಗೂ ಅಕ್ಕ ಕಾಯಬೇಕು. ಎಲ್ಲಿ ಕಾಯುವುದು? ಅದೇ ಕೋಣೆಯ ಕೊನೆಯ ಬೆಂಚಿನಲ್ಲಿ, ಕಾರ್ತಿಕಾಳ ಪಕ್ಕದಲ್ಲಿ. ತನ್ನ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿರುವುದನ್ನು ವಾರಕ್ಕೆರಡು ದಿನ ಕಣ್ಣಾರೆ ನೋಡುತ್ತ.

ಮೊದಲ ಮಂಗಳವಾರ ಹನ್ನೆರಡು ಜನ ಬಂದಿದ್ದರು. ತಮಿಳರಸಿ ಮೇಜಿನ ಮೇಲೆ ಒಂದು ಸೀಮೆಸುಣ್ಣದ ಡಬ್ಬಿ ಇಟ್ಟು, “ಇದನ್ನು ನಾನು ಮುಟ್ಟುವುದಿಲ್ಲ, ನೀವೇ ಬರೆಯಬೇಕು. ಉತ್ತರವನ್ನೂ ನಾನು ಹೇಳುವುದಿಲ್ಲ, ಕೇಳುವುದು ಮಾತ್ರ ನನ್ನ ಕೆಲಸ” ಎಂದಳು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಆಮೇಲೆ ಲಿಮಿಟ್ ಎಂದರೇನು ಎಂದು ಪುಸ್ತಕದ ಸಾಲನ್ನು ಓದಿಸಿ, ಎಪ್ಸಿಲಾನ್ ಯಾವುದು, ಡೆಲ್ಟಾ ಯಾವುದು ಎಂದು ಕೇಳುತ್ತ ಹೋದಳು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಗೋಜಲು. ಅವಳಿಗೂ ಗೋಜಲು.

ಕಲೈಸೆಲ್ವಿಗೆ ಹಬ್ಬ. ಕಾರ್ತಿಕಾಳ ಕಡೆ ಬಾಗಿ, ಆದರೆ ದನಿ ತಗ್ಗಿಸದೆ, ಶುರುಮಾಡಿದಳು.

“ನೋಡುಡೀ, ಪರೀಕ್ಷೇಲಿ ಬಿದ್ದೋಳು ಎಂಗೆ ಮುಳುಗ್ತಾ ಅವ್ಳೆ. ಒಂದ್ ಸಲ ಬಿದ್ರೆ ಕುರ್ಚಿ ಕೊಟ್ರು, ಎರಡ್ ಸಲ ಬಿದ್ದಿದ್ರೆ ಪ್ರಿನ್ಸಿಪಾಲೇ ಮಾಡ್ತಿದ್ರು. ಮೊದ್ಲು ಪಟಂ ಬರೀಬೇಕು ತಾನೆ? ಗೆರೆ ಎಳ್ದು, ಇಷ್ಟು ಎಪ್ಸಿಲಾನ್, ಇಷ್ಟು ಡೆಲ್ಟಾ ಅಂತ ಕಣ್ಗೆ ಕಾಣಿಸ್ಬೇಕು. ಆಮೇಕೆ ಬುಕ್ಕು. ಅಷ್ಟುನೂ ಗೊತ್ತಿಲ್ಲೆ ಇದ್ಕೆ.”

ದನಿ ತಗ್ಗಿಸಬೇಕೆಂದು ಅವಳಿಗೆ ತೋಚಲೂ ಇಲ್ಲ. ಇದು ಅವರ ಮನೆಯವರ ಹಳೆಯ ಚಾಳಿ. ನೂರಾರು ವರ್ಷದ ಹಿಂದೆ ಎಲ್ಲಿಂದಲೋ ದನ ಹೊಡೆದುಕೊಂಡು ಈ ಕಣಿವೆಗೆ ಬಂದ ಜನ. ಹೊರಗೆಲ್ಲ ತಮಿಳು, ಮನೆಯೊಳಗೆ ಮಾತ್ರ ಕನ್ನಡ. ಅದಕ್ಕೆ ಕನ್ನಡ ಎಂದೂ ಅವರು ಹೇಳುತ್ತಿರಲಿಲ್ಲ, ‘ನಮ್ಮ ಮಾತು’ ಅಷ್ಟೆ. ಓದಲು ಬರೆಯಲು ಯಾರಿಗೂ ಬಾರದು. ಆದರೆ ಎದುರಿಗೆ ಕೂತವರನ್ನು ಎದುರಿಗೇ ಆಡಿಕೊಳ್ಳಲು ಅದರಷ್ಟು ಅನುಕೂಲದ ಸಾಧನ ಇನ್ನೊಂದಿಲ್ಲ. ಅಜ್ಜಿ ಕಾಮಾಕ್ಷಿಯಮ್ಮಾಳ್ ಬಸ್ಸಿನಲ್ಲಿ ಪಕ್ಕದ ಸೀಟಿನವಳ ಮೂಗುತಿಯಿಂದ ಹಿಡಿದು ಮುಂದಿನ ಸೀಟಿನವನ ಬೋಳುತಲೆಯವರೆಗೆ ನಮ್ಮ ಮಾತಿನಲ್ಲಿ ಗಟ್ಟಿಯಾಗಿ ವರ್ಣಿಸಿ, ಅವರು ತಿರುಗಿ ನೋಡಿದರೆ ಮುದ್ದಾಗಿ ನಗುತ್ತಿದ್ದಳು. ಮೊಮ್ಮಕ್ಕಳು ಕಲಿತದ್ದು ಅದನ್ನೇ. ಅವರ ಪಾಲಿಗೆ ನಮ್ಮ ಮಾತು ಒಂದು ಗೋಡೆ. ಅದರ ಹಿಂದೆ ನಿಂತು ಏನು ಬೇಕಾದರೂ ಅನ್ನಬಹುದು.

ಗುರುವಾರ ತಮಿಳರಸಿ ಬಂದವಳೇ ಪುಸ್ತಕ ಮುಚ್ಚಿಸಿದಳು. “ಮೊದಲು ಚಿತ್ರ ಬರೆಯೋಣ. ಯಾರು ಬರುತ್ತೀರಿ?” ಎಂದಳು. ಒಬ್ಬಳು ಬಂದು ಗೆರೆ ಎಳೆದಳು, ಇನ್ನೊಬ್ಬಳು ಅದರ ಮೇಲೆ ಎಪ್ಸಿಲಾನಿನ ಪಟ್ಟೆ ಎಳೆದಳು. ಒಂದು ಗಂಟೆಯಲ್ಲಿ ಏಳೆಂಟು ಹುಡುಗಿಯರಿಗೆ ಲಿಮಿಟ್ ಎಂದರೇನೆಂದು ಕಣ್ಣಿಗೆ ಕಂಡಿತು. ಕಾರ್ತಿಕಾ ಸಹ “ಓ!” ಎಂದಳು.

ಆ ‘ಓ’ ಕಲೈಸೆಲ್ವಿಯ ಕಿವಿಗೆ ಸೂಜಿ ಚುಚ್ಚಿದಂತಾಯಿತು. ಸೆಮಿಸ್ಟರ್ ಶುರುವಾದಾಗಿನಿಂದ ತಾನು ಹೇಳಿಕೊಟ್ಟಾಗ ಒಂದು ದಿನವಾದರೂ ಈ ಹುಡುಗಿ ‘ಓ’ ಎಂದಿದ್ದಳೇ? ತಲೆಯಾಡಿಸಿ ಬರೆದುಕೊಳ್ಳುತ್ತಿದ್ದಳು, ಅಷ್ಟೆ.

ಮೂರನೆಯ ವಾರಕ್ಕೆ ಹನ್ನೆರಡು ಇಪ್ಪತ್ತೈದಾಯಿತು. ಕಲೈಸೆಲ್ವಿಯ ನಾಲಗೆಯೂ ಅಷ್ಟೇ ಉದ್ದವಾಯಿತು. ತಮಿಳರಸಿಯ ಚೂಡಿದಾರ, ಅವಳ ಎಣ್ಣೆ ಜಡೆ, ‘ಯಾಕೆ?’ ಎಂದು ಪ್ರಶ್ನೆ ಕೇಳಿ ತಲೆ ಓರೆ ಮಾಡುವ ರೀತಿ, ಶನಿವಾರ ಹಾಸ್ಟೆಲಿಗೆ ಹೂವಿನ ಗಂಟು ಹೊತ್ತು ಬರುವ ಅವಳ ತಾಯಿ, ಯಾರನ್ನೂ ಬಿಡಲಿಲ್ಲ. ನಡುನಡುವೆ, ಗಣಿತವನ್ನು ಕೆಟ್ಟದಾಗಿ ಮಾಡುವುದು ಕಂಡರೆ ತಡೆಯಲಾರದ ಜಾತಿಯವಳಾದ್ದರಿಂದ, ಹೇಗೆ ಮಾಡಬೇಕಿತ್ತೆಂದೂ ಒಗ್ಗರಣೆ ಹಾಕುತ್ತಿದ್ದಳು.

“ಎಲ್ಲಾರೂ ಡೆಲ್ಟಾನೆ ಮೊದ್ಲು ಇಡ್ಕಂಡು ಕುಂತವ್ರೆ, ಪಾವಂ. ನಾನಾಗಿದ್ರೆ ಕ್ಲಾಸ್ನ ಎರಡು ಮಾಡಿರ್ತಿದ್ದೆ. ಕಿಟಕಿ ಕಡೆಯೋರು ಎಪ್ಸಿಲಾನ್ ಕೇಳ್ಬೇಕು, ಬಾಗ್ಲ ಕಡೆಯೋರು ಡೆಲ್ಟಾ ಕೊಡ್ಬೇಕು. ಅವ್ರು ಇನ್ನೂ ಚಿಕ್ದು ಕೇಳ್ಬೇಕು, ಇವ್ರು ಇನ್ನೂ ಚಿಕ್ದು ಕೊಡ್ಬೇಕು. ಸಂತೇಲಿ ಬೇರಂ ಆಡ್ತಾರಲ್ಲ, ಅಂಗೆ. ಆವಾಗ ಯಾರು ಮೊದ್ಲು ಅಂತ ತಲೇಗೆ ಓಗ್ತಿತ್ತು. ಈ ಬಿದ್ದೋಳ್ಗೆ ಅದೆಲ್ಲಿ ಒಳೀತದೆ!”

ಮುಂದಿನ ಮಂಗಳವಾರ ತಮಿಳರಸಿ ಕೋಣೆಯನ್ನು ಎರಡು ಮಾಡಿದಳು. ಕಿಟಕಿ ಕಡೆಯವರು ಎಪ್ಸಿಲಾನ್ ಕೇಳಬೇಕು, ಬಾಗಿಲ ಕಡೆಯವರು ಡೆಲ್ಟಾ ಕೊಡಬೇಕು.

ಹುಡುಗಿಯರು ಎದ್ದು ನಿಂತು ಕೂಗಾಡಿದರು, “ನೂರರಲ್ಲೊಂದು!” “ತಗೋ ಐನೂರರಲ್ಲೊಂದು!” “ಸಾವಿರದಲ್ಲೊಂದು ಕೊಡು ನೋಡೋಣ!” ಪಕ್ಕದ ಕೋಣೆಯವರು ಬಂದು ಇಣುಕಿದರು. ಇಷ್ಟೊಂದು ನಗುವಿನ ರಿಯಲ್ ಅನಾಲಿಸಿಸ್ ಆ ಕಾಲೇಜಿನಲ್ಲಿ ಹಿಂದೆಂದೂ ನಡೆದಿರಲಿಲ್ಲ. ನಡೆಸಿದವಳು ಬೇರೆ, ಯೋಚಿಸಿದವಳು ಬೇರೆ. ಯೋಚಿಸಿದವಳು ಕೊನೆಯ ಬೆಂಚಿನಲ್ಲಿ ಕೂತು ಉಗುರು ಕಚ್ಚುತ್ತಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಅವಳು ತಂಗಿಯ ಮೇಲೆ ಹಾರಿಬಿದ್ದಳು. “ನೀನು ತಾನೆ ಓಗಿ ಏಳ್ತಾ ಇರೋದು? ಅವ್ಳ ಕಡೆ ಸೇರ್ಕಂಡಿದ್ದೀಯಾ?”

“ಯಾರ್ಗಕ್ಕಾ? ಏನ?”

“ನಾನು ಅಂದದ್ದೆಲ್ಲ ಎರಡು ದಿನಕ್ಕೆ ಅವ್ಳ ಬಾಯಲ್ಲಿ ಬತ್ತದೆ. ನಮ್ ಮಾತು ಆ ಕ್ಲಾಸಲ್ಲಿ ಇನ್ನಾರ್ಗೆ ಗೊತ್ತು? ನಂಗೆ, ನಿಂಗೆ.”

“ಸತ್ಯಮಾ ನಾನು ಏಳಿಲ್ಲೆ ಅಕ್ಕಾ. ಅಜ್ಜಿ ಮೇಲೆ ಆಣೆ.” ಕಾರ್ತಿಕಾಳ ಕಣ್ಣಲ್ಲಿ ನೀರು ಬಂತು. ಕಲೈಸೆಲ್ವಿ ನಂಬಲಿಲ್ಲ. ನಂಬದಿರಲು ಅವಳಿಗೆ ಒಳ್ಳೆಯ ಕಾರಣವಿತ್ತು. ಪಿ. ತಮಿಳರಸಿ ಎಂಬ ಹೆಸರಿನವಳಿಗೆ, ಅಷ್ಟು ಚೆಂದದ ತಮಿಳು ಮಾತಾಡುವವಳಿಗೆ, ನಮ್ಮ ಮಾತು ಇನ್ನು ಹೇಗೆ ತಿಳಿದೀತು? ಅವಳ ಲೆಕ್ಕದಲ್ಲಿ ನಮ್ಮ ಮಾತು ಹನುಮಂತನಪಟ್ಟಿಯಲ್ಲಿ ಹುಟ್ಟಿ, ಕಂಬಂ ಸುತ್ತ ನಾಲ್ಕು ಊರು ತಿರುಗಿ, ಅಲ್ಲೇ ಮುಗಿಯುತ್ತಿತ್ತು.

ಒಂದು ವಾರ ತಂಗಿಯ ಜೊತೆ ಮಾತು ಬಿಟ್ಟಳು. ಊಟಕ್ಕೆ ಪಕ್ಕದಲ್ಲೇ ಕೂತರೂ ಸಾಂಬಾರನ್ನು ತಾನೇ ಎದ್ದು ಬಡಿಸಿಕೊಂಡಳು. ಆ ಒಂದು ವಾರದಲ್ಲಿ ಅವಳ ತಲೆಯಲ್ಲಿ ಒಂದು ಉಪಾಯ ಮೊಳೆಯಿತು. ಹೇಳಲು ನಾಚಿಕೆಯಾಗುವಂಥ ಉಪಾಯ, ಆದರೆ ನಡೆದದ್ದನ್ನು ಹೇಳಲೇಬೇಕು.

ಮುಂದಿನ ಗುರುವಾರ ಹರಿಹರನ್ ಸರ್ ಬಂದು ಕೂತು ನೋಡುತ್ತಾರೆಂದು ಗೊತ್ತಾಗಿತ್ತು. ಅಂದಿನ ಪಾಠ ಯೂನಿಫಾರ್ಮ್ ಕಂಟಿನ್ಯೂಟಿ. ಅದರಲ್ಲಿ ಮುಖ್ಯವಾದದ್ದು ಒಂದೇ ಮಾತು: ಒಂದು ಎಪ್ಸಿಲಾನ್ ಕೊಟ್ಟರೆ ಒಂದೇ ಡೆಲ್ಟಾ ಎಲ್ಲ ಜಾಗಕ್ಕೂ ಸಾಕಾಗಬೇಕು. ಇಲ್ಲಿಗೊಂದು ಅಲ್ಲಿಗೊಂದು ಡೆಲ್ಟಾ ಕೊಡುವಂತಿಲ್ಲ. ಪರೀಕ್ಷೆಯಲ್ಲಿ ಅರ್ಧ ತರಗತಿ ಮುಗ್ಗರಿಸುವುದು ಇಲ್ಲಿಯೇ. ತಾನು ಅಂದದ್ದನ್ನೆಲ್ಲ ತಮಿಳರಸಿ ಕದಿಯುತ್ತಾಳಲ್ಲ? ಹಾಗಾದರೆ ಒಂದು ತಪ್ಪನ್ನೂ ಕದಿಯಲಿ. ಸರ್ ಎದುರಿಗೆ ಅದನ್ನೇ ಹೇಳಿಕೊಡಲಿ. ಕಾಂಪ್ಲೆಕ್ಸ್ ಅನಾಲಿಸಿಸ್ ಯಾರಿಗೆಂದು ಸರ್ ಆಮೇಲೆ ಎರಡನೆಯ ಸಲ ಯೋಚಿಸಬೇಕಾಗುವುದಿಲ್ಲ.

ಮಂಗಳವಾರ ಪಾಠ ಶುರುವಾಗುವ ಮೊದಲು ಕೊನೆಯ ಬೆಂಚಿನಲ್ಲಿ ತಂಗಿಯ ಜೊತೆ ರಾಜಿಯಾದಳು. ಕಾರ್ತಿಕಾಳಿಗೆ ಎಷ್ಟು ಸಂತೋಷವಾಯಿತೆಂದರೆ ಕೂಡಲೇ ನೋಟ್‌ಬುಕ್ ತೆಗೆದಳು.

“ಏ ಪುಳ್ಳೆ, ಯೂನಿಫಾರ್ಮ್ ಕಂಟಿನ್ಯೂಟಿಗೆ ಸುಲುವು ದಾರಿ ಅದೆ. ಎಕ್ಸ್ ಸ್ಕ್ವೇರ್ ತಕ್ಕಾ. ಎಕ್ಸ್ ಎಲ್ಲದೆ ನೋಡ್ಕಂಡು, ಅದಕ್ಕೆ ತಕ್ಕಂಗೆ ಡೆಲ್ಟಾ ಇಟ್ಬುಡು. ಎಕ್ಸ್ ದೊಡ್ಡದಾದ್ರೆ ಡೆಲ್ಟಾ ಚಿಕ್ದು ಮಾಡ್ಬುಡು. ಮುಗೀತು. ಪೂರಾ ಲೈನಲ್ಲೂ ಯೂನಿಫಾರ್ಮೇ ಅಂತ ಬರೆದ್ಬುಡು.”

“ಇಷ್ಟೇನಾ ಅಕ್ಕಾ?”

“ಇಷ್ಟೇ.”

ಕಾರ್ತಿಕಾ ಬರೆದುಕೊಂಡಳು. ಬೋರ್ಡ್ ಒರೆಸುತ್ತಿದ್ದ ತಮಿಳರಸಿಯ ಕೈ ಒಂದು ಗಳಿಗೆ ನಿಂತಿತು. ಅದನ್ನು ಕಲೈಸೆಲ್ವಿ ನೋಡಲಿಲ್ಲ. ಅವಳು ಗುರುವಾರದ ಕನಸು ಕಾಣುತ್ತಿದ್ದಳು.

ಗುರುವಾರ ನಲವತ್ತು ಜನ. ಕಿಟಕಿಯ ಕಟ್ಟೆಯ ಮೇಲೂ ಕೂತಿದ್ದರು. ಹರಿಹರನ್ ಸರ್ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡರು. ತಮಿಳರಸಿ ಎಂದಿನಂತೆ ಡಬ್ಬಿ ಮುಂದಕ್ಕೆ ತಳ್ಳಿ, “ಎಕ್ಸ್ ಸ್ಕ್ವೇರ್ ಪೂರ್ತಿ ಗೆರೆಯ ಮೇಲೆ ಯೂನಿಫಾರ್ಮ್ ಕಂಟಿನ್ಯೂಯಸ್ ಹೌದೋ ಅಲ್ಲವೋ? ಯಾರು ಬರುತ್ತೀರಿ?” ಎಂದು ಕೇಳಿದಳು.

ಆಗ ಕೊನೆಯ ಬೆಂಚಿನಿಂದ ಒಬ್ಬಳು ಎದ್ದಳು. ಕಾರ್ತಿಕಾ!

ಮೂರು ವರ್ಷದಲ್ಲಿ ಒಂದು ದಿನವೂ ಬೋರ್ಡಿನ ಹತ್ತಿರ ಹೋಗದ ಹುಡುಗಿ. ಇವತ್ತು ಅಕ್ಕ ಹೇಳಿಕೊಟ್ಟದ್ದು ಕೈಯಲ್ಲಿದೆ, ಇನ್ನೇನು ಭಯ ಎಂದು ದುಪಟ್ಟಾ ಸರಿಪಡಿಸಿಕೊಂಡು, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ನಡೆದಳು. ಕಲೈಸೆಲ್ವಿ ಹಾಕಿದ ಲೆಕ್ಕದಲ್ಲಿ ಇದು ಇರಲಿಲ್ಲ. ತಪ್ಪು ತಮಿಳರಸಿಯ ಬಾಯಿಂದ ಬರಬೇಕಿತ್ತೇ ಹೊರತು ಈ ಹುಡುಗಿಯ ಕೈಯಿಂದಲ್ಲ.

ಕೂಗಿ ನಿಲ್ಲಿಸಬಹುದಿತ್ತು. ‘ಕಾರ್ತಿಕಾ, ಬಾ ಇಲ್ಲಿ’ ಎಂದರೆ ಸಾಕಿತ್ತು. ತಂಗಿ ಬೋರ್ಡು ತಲುಪಿ, ಸೀಮೆಸುಣ್ಣ ಎತ್ತಿಕೊಂಡು, ಮೊದಲ ಸಾಲು ಬರೆಯುವವರೆಗೂ ಹೊತ್ತಿತ್ತು. ಆದರೆ ಅವಳೊಳಗೆ ಇನ್ನೊಬ್ಬಳು ಕೂತು ಲೆಕ್ಕ ಹಾಕುತ್ತಿದ್ದಳು: ಇವಳು ತಪ್ಪು ಬರೆದರೂ ತಪ್ಪು ಹೇಳಿಕೊಟ್ಟವಳು ತಮಿಳರಸಿಯೇ ಎಂದಲ್ಲವೇ ಸರ್ ತಿಳಿಯುವುದು? ಆರು ವಾರ ನಡೆಸಿ ಕಲಿಸಿದ್ದು ಇದೇನಾ ಎಂದಲ್ಲವೇ ಕೇಳುವುದು? ಕಲೈಸೆಲ್ವಿ ಬಾಯಿ ಮುಚ್ಚಿಕೊಂಡು ಕೂತಳು. ಆ ಅರ್ಧ ನಿಮಿಷದಲ್ಲಿ ಅವಳು ತನ್ನ ಮನೆಯದೇ ತಂಗಿ ಚೆನ್ನಾಗಿ ಮುಗ್ಗರಿಸಲಿ ಎಂದು ಬಯಸಿದಳು. ಮುಂದೆ ಎಷ್ಟು ಸಲ ಮರೆಯಲು ನೋಡಿದರೂ ಅವಳಿಗೆ ಮರೆಯಲಾಗದ ಅರ್ಧ ನಿಮಿಷ ಅದು.

ಕಾರ್ತಿಕಾ ದುಂಡಗಿನ ಅಕ್ಷರದಲ್ಲಿ ಆರು ಸಾಲು ಬರೆದು, ಕೆಳಗೆ ‘ಆದ್ದರಿಂದ ಯೂನಿಫಾರ್ಮ್’ ಎಂದು ಗೆರೆ ಎಳೆದು, ತಿರುಗಿ ನಕ್ಕಳು.

ಕಿಟಕಿ ಕಡೆಯಿಂದ ಒಬ್ಬಳು ಕೈ ಎತ್ತಿದಳು. “ಎಕ್ಸ್ ಸಾವಿರ ಆದರೆ ಇದೇ ಡೆಲ್ಟಾ ಸಾಕಾ?”

“ಇಲ್ಲ, ಆಗ ಇನ್ನೂ ಚಿಕ್ಕ ಡೆಲ್ಟಾ.”

“ಲಕ್ಷ ಆದರೆ?”

“ಇನ್ನೂ ಚಿಕ್ಕದು.”

“ಹಾಗಾದರೆ ಒಂದೇ ಡೆಲ್ಟಾ ಎಲ್ಲಿದೆ?”

ಯಾರೋ ಕಿಸಕ್ಕೆಂದರು. ಆಮೇಲೆ ಇನ್ನು ನಾಲ್ಕು ಜನ. ಕಾರ್ತಿಕಾ ತಾನು ಬರೆದದ್ದನ್ನು ನೋಡಿದಳು, ಪ್ರಶ್ನೆ ಕೇಳಿದವಳನ್ನು ನೋಡಿದಳು. ಕಿವಿಯವರೆಗೂ ಕೆಂಪಾಯಿತು. ನಲವತ್ತು ತಲೆಗಳ ಮೇಲಿಂದ ಕೊನೆಯ ಬೆಂಚಿನ ಕಡೆ ನೋಡಿ, ತನ್ನನ್ನು ಮರೆತು, ಮನೆಯಲ್ಲಿ ಕೇಳುವಂತೆಯೇ ಕೇಳಿಬಿಟ್ಟಳು.

“ಅಕ್ಕಾ, ನೀ ತಾನೆ ಇಂಗೆ ಏಳ್ದೆ?”

ನಗುತ್ತಿದ್ದವರಿಗೆ ಯಾರಿಗೂ ಅರ್ಥವಾಗಲಿಲ್ಲ. ಏನೋ ಭಯದಲ್ಲಿ ತೊದಲಿದಳು ಎಂದುಕೊಂಡು ಇನ್ನಷ್ಟು ನಕ್ಕರು. ಕಲೈಸೆಲ್ವಿ ತಲೆ ಬಗ್ಗಿಸಿ ಬೆಂಚಿನ ಮೇಲೆ ಯಾರೋ ಕೊರೆದ ಹೆಸರನ್ನು ಓದತೊಡಗಿದಳು.

“ನಗಬೇಡಿ” ಎಂದಳು ತಮಿಳರಸಿ. ದನಿ ಏರಿಸದೆಯೇ ಹೇಳಿದಳು. “ಬೋರ್ಡಿನ ಮೇಲಿರುವ ಈ ಆರು ಸಾಲನ್ನು ನಾನು ಪರೀಕ್ಷೆಯಲ್ಲೇ ಬರೆದಿದ್ದೆ. ಇದೇ ಆರು ಸಾಲು. ಹತ್ತು ಅಂಕದ ಪ್ರಶ್ನೆಗೆ ಸೊನ್ನೆ. ಈ ಹುಡುಗಿ ಅದನ್ನು ಇಲ್ಲಿ ಬರೆದು ನಿಮ್ಮನ್ನೆಲ್ಲ ಉಳಿಸಿದ್ದಾಳೆ. ಕಾರ್ತಿಕಾ, ಸೀಮೆಸುಣ್ಣ ಕೆಳಗಿಡಬೇಡಮ್ಮಾ. ಇದರಲ್ಲಿ ತಪ್ಪಿದ್ದು ಯಾವ ಸಾಲಿನಲ್ಲಿ? ನೀನೇ ಹುಡುಕು. ನಮಗೆ ಹೊತ್ತಿದೆ.”

ಹತ್ತು ನಿಮಿಷ ಹಿಡಿಯಿತು. ಕಾರ್ತಿಕಾ ಹುಡುಕಿದಳು. ಮೂರನೆಯ ಸಾಲಿನಲ್ಲಿ ಎಕ್ಸ್ ನುಸುಳಿಕೊಂಡದ್ದನ್ನು ತಾನೇ ಸುತ್ತು ಹಾಕಿ ತೋರಿಸಿ, ಯಾವ ಡೆಲ್ಟಾ ಕೊಟ್ಟರೂ ದೂರ ಹೋದರೆ ಅದು ಸಾಲದೆಂದು ತಾನೇ ಬರೆದಳು. ಬರೆದು ಮುಗಿಸಿದಾಗ ನಗುತ್ತಿದ್ದ ಹುಡುಗಿಯರೇ ಚಪ್ಪಾಳೆ ತಟ್ಟಿದರು. ಅವಳು ಹಿಂದಕ್ಕೆ ಬರಲಿಲ್ಲ. ಮೊದಲ ಬೆಂಚಿನಲ್ಲಿ ಜಾಗ ಮಾಡಿಕೊಂಡು ಅಲ್ಲೇ ಕೂತಳು.

ಪಾಠ ಮುಗಿದ ಮೇಲೆ ಹರಿಹರನ್ ಸರ್ ಎದ್ದು ಬಂದು ತಮಿಳರಸಿಯನ್ನು ಮೆಚ್ಚಿದರು. “ತರಗತಿಯನ್ನು ಎರಡು ಮಾಡಿ ಎಪ್ಸಿಲಾನ್ ಡೆಲ್ಟಾ ಚೌಕಾಸಿ ಮಾಡಿಸಿದೆಯಂತೆ, ಸ್ಟಾಫ್ ರೂಮಲ್ಲೆಲ್ಲ ಅದೇ ಮಾತು. ಎಲ್ಲಿಂದ ಹೊಳೆಯಿತು?”

“ನನಗೆ ಹೊಳೆದದ್ದಲ್ಲ ಸರ್. ಕಲೈಸೆಲ್ವಿ ಹೇಳಿದ್ದು. ಚಿತ್ರ ಮೊದಲು ಅನ್ನುವುದೂ ಅವಳದೇ.”

ಸರ್ ಕೊನೆಯ ಬೆಂಚಿನ ಕಡೆ ಅಚ್ಚರಿಯಿಂದ ನೋಡಿದರು. “ಹೌದೇ? ಬಾಯಿಬಿಟ್ಟು ಹೇಳಲೇ ಇಲ್ಲವಲ್ಲ ನೀನು! ಹಾಗಾದರೆ ಕಾಂಪ್ಲೆಕ್ಸ್ ಅನಾಲಿಸಿಸ್ ಇಬ್ಬರೂ ಸೇರಿ ನಡೆಸಿ” ಎಂದು ಹೇಳಿ ಹೊರಟುಹೋದರು.

ಆರು ವಾರ ಹೊಟ್ಟೆ ಉರಿಸಿಕೊಂಡದ್ದು ಈ ಮಾತಿಗಾಗಿಯೇ. ಈಗ ಅದು ಬಂತು, ಅದೂ ಯಾರ ಕೈಯಿಂದ! ಕೊಡದಿದ್ದಾಗ ಉರಿದದ್ದಕ್ಕಿಂತ ಕೊಟ್ಟಾಗ ಹೆಚ್ಚು ಉರಿಯಿತು. ಕಾರ್ತಿಕಾ ಹೊರಗೆ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ಕೋಣೆಯಲ್ಲಿ ಉಳಿದದ್ದು ಇವರಿಬ್ಬರೇ.

“ಆ ಹುಡುಗಿ ಬಂದು ಎಲ್ಲ ಹೇಳಿದಳೇನು ನಿನಗೆ?” ಎಂದು ಕಲೈಸೆಲ್ವಿ ತಮಿಳಿನಲ್ಲಿ ಸಿಡಿದಳು.

ತಮಿಳರಸಿ ಡಬ್ಬಿಗೆ ಮುಚ್ಚಳ ಹಾಕಿದಳು. ಆಮೇಲೆ ನಮ್ಮ ಮಾತಿನಲ್ಲಿ ಹೇಳಿದಳು. ರಾಗ ಸ್ವಲ್ಪ ಬೇರೆ, ಅಲ್ಲೊಂದು ಇಲ್ಲೊಂದು ಪದ ಬೇರೆ, ಆದರೆ ಅದೇ ಮಾತು.

“ಅವ್ಳು ಏನೂ ಏಳಿಲ್ಲ ಕಲೈ. ನಮ್ಮನೇಲೂ ಇದೇ ಮಾತು. ನಮ್ಮೂರು ಪೂರಾ ಇದೇ ಮಾತು.”

ಆರು ವಾರದಲ್ಲಿ ತಾನು ಅಂದದ್ದೆಲ್ಲ ಕಲೈಸೆಲ್ವಿಗೆ ಒಂದೊಂದಾಗಿ ನೆನಪಾಯಿತು. ಬಿದ್ದೋಳು. ಎಣ್ಣೆ ಜಡೆ. ಹೂವಿನ ಗಂಟು ಹೊತ್ತ ತಾಯಿ.

“ಮೊದ್ಲ ದಿನನೇ ಯಾಕೆ ಏಳಿಲ್ಲೆ?” ಎಂದು ಕೇಳಿದಳು.

“ಏಳ್ಬೇಕು ಅಂತಾನೆ ಬಂದೆ. ಹಾಸ್ಟೆಲ್ಗೆ ಬಂದು ಒಂದೂವರೆ ತಿಂಗ್ಳಾಗಿತ್ತು, ಶನಿವಾರ ಅಮ್ಮ ಬಂದಾಗ ಬಿಟ್ರೆ ಯಾರೂ ನಮ್ ಮಾತು ಆಡಿರ್ಲಿಲ್ಲ. ಇಂದ್ಲ ಬೆಂಚಲ್ಲಿ ಯಾರೋ ಆಡಿದ್ದು ಕೇಳ್ತು. ಅಮ್ಮನೇ ಬಂದಂಗೆ ಆಯ್ತು. ಸಂತೋಷಂ ತಡೀಲಾರ್ದೆ ನಿನ್ ಕಡೆ ನಾಕೆಜ್ಜೆ ಇಟ್ಟೆ. ಅಷ್ಟೊತ್ಗೆ, ನೀ ಏನ್ ಏಳ್ತಾ ಇದ್ದೀಯಾ ಅನ್ನೋದೂ ಕೇಳ್ತು.”

ಹೊರಗೆ ನಲ್ಲಿಯ ನೀರು ನಿಂತಿತು.

“ಅವತ್ತು ಅತ್ತೆ. ಆಮೇಲೆ ನೋಡಿದ್ರೆ ಬೈಗಳ ಮಧ್ಯೆ ಮಧ್ಯೆ ನೀ ಪಾಠಾನೂ ಏಳ್ತಾ ಇದ್ದೆ, ನನಗಿಂತ ಚೆಂದಾಗಿ. ಅಕ್ಕೀಲಿ ಕಲ್ಲು ಆರ್ಸಿ ಬಿಸಾಕಲ್ವಾ, ಅಂಗೆ ಬೈಗಳ ಬಿಸಾಕಿ ಉಳಿದದ್ದು ಇಟ್ಕಂಡೆ. ನನ್ನ ಬೈದ್ಕಾ, ಪರವಾಯಿಲ್ಲೆ. ಆದ್ರೆ ಮಂಗಳವಾರ ಆ ಪುಳ್ಳೆಗೆ ಬರ್ಸಿದ್ಯಲ್ಲ, ಅದು ಬೈಗಳಲ್ಲ. ಅವ್ಳು ಬೋರ್ಡ್ಗೆ ಬತ್ತಾಳೆ ಅಂತ ನಂಗೂ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಬೇರೆ ಕೇಳ್ತಿದ್ದೆ.”

ಕಲೈಸೆಲ್ವಿ ಏನಾದರೂ ಹೇಳಬೇಕಿತ್ತು. ‘ತಪ್ಪಾಯಿತು’ ಎಂಬ ಪದ ನಾಲಗೆಯ ತುದಿಗೆ ಬಂದಿತ್ತು ಕೂಡ. ಆಗಲೇ ಕಾರ್ತಿಕಾ ಬಾಗಿಲಲ್ಲಿ ಬಂದು ನಿಂತಳು, ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ತಮಿಳರಸಿ ಕೊನೆಗೆ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು. ಅಕ್ಕನ ಮುಖ ನೋಡಿದಳು, ತಮಿಳರಸಿಯ ಮುಖ ನೋಡಿದಳು, ಏನನ್ನೂ ಕೇಳದೆ ಚೀಲ ತೆಗೆದುಕೊಂಡಳು.

ಬಸ್ಸಿನಲ್ಲಿ ಅಕ್ಕತಂಗಿಯರು ಒಂದೇ ಸೀಟಿನಲ್ಲಿ ಕೂತರು. ವೀರಪಾಂಡಿ ಸ್ಟಾಪ್ ಬಂತು. ಅಪ್ಪನಿಗೆ ಹೇಳುತ್ತಾಳೆ, ಅಜ್ಜಿಗೆ ಹೇಳುತ್ತಾಳೆ, ಅಳುತ್ತಾಳೆ, ಬೈಯುತ್ತಾಳೆ ಎಂದು ಕಲೈಸೆಲ್ವಿ ಒಂದೊಂದಕ್ಕೂ ಒಂದೊಂದು ಉತ್ತರ ಸಿದ್ಧಮಾಡಿಕೊಂಡು ಕೂತಿದ್ದಳು. ಚಿನ್ನಮನೂರು ಬಂತು. ಕಾರ್ತಿಕಾ ಬೈಯಲೂ ಇಲ್ಲ, ಅಳಲೂ ಇಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು, ಸೋಮವಾರದ ಪರೀಕ್ಷೆಗೆಂದು ಗುರುತು ಹಾಕಿಕೊಂಡಿದ್ದ ಒಂದು ಪ್ರಶ್ನೆಯನ್ನು ತೋರಿಸಿದಳು.

“ಇದು ಎಂಗಕ್ಕಾ?”

ಕಲೈಸೆಲ್ವಿಯ ಜೀವ ಹೋಗಿ ಬಂದಂತಾಯಿತು. ತಂಗಿ ತನ್ನನ್ನೇ ಕೇಳಿದಳು! ಪೆನ್ನು ತೆಗೆದುಕೊಂಡು, ಹುಟ್ಟಿದ ಮೇಲೆ ಯಾರಿಗೂ ಹೇಳಿಕೊಡದಷ್ಟು ನಿಧಾನವಾಗಿ ಹೇಳಿಕೊಟ್ಟಳು. ಚಿತ್ರ ಬರೆದಳು. ಒಂದು ಸಾಲನ್ನೂ ಹಾರಿಸಲಿಲ್ಲ. ಎಲ್ಲಿ ನೋಯುತ್ತದೆ, ಇಲ್ಲಿ ನೋಯುತ್ತದೆಯೇ ಎಂದು ಪ್ರತಿ ಸಾಲಿಗೂ ನಿಂತು ಕೇಳಿದಳು. ಅಂದು ಅವಳು ಹೇಳಿಕೊಟ್ಟದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ.

ಕಾರ್ತಿಕಾ ಪೂರ್ತಿ ಕೇಳಿಸಿಕೊಂಡಳು. ಅಚ್ಚುಕಟ್ಟಾಗಿ ಬರೆದುಕೊಂಡಳು. ನೋಟ್‌ಬುಕ್ ಮುಚ್ಚಿ ಚೀಲದೊಳಗಿಟ್ಟು, ಕಿಟಕಿಯಿಂದಾಚೆಯ ಗದ್ದೆಗಳನ್ನು ನೋಡುತ್ತ, ಯಾವ ಕೋಪವೂ ಇಲ್ಲದ ದನಿಯಲ್ಲಿ ಹೇಳಿದಳು.

“ನಾಳೆ ಆ ಅಕ್ಕನ್ನೂ ಒಂದ್ ಸಲ ಕೇಳ್ಕತ್ತೀನಿ, ಸರಿಯಾ ಅಂತ.”

ಹೊಟ್ಟೆಯ ಉರಿ ಭಗ್ಗೆಂದಿತು. ‘ನನ್ನ ಮೇಲೆ ನಂಬಿಕೆ ಇಲ್ಲವಾ’ ಎಂದು ಬಾಯಿ ತೆರೆದಳು ಕಲೈಸೆಲ್ವಿ, ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ತಂಗಿಯ ಕಡೆ ತಿರುಗುವ ಧೈರ್ಯ ಬರಲಿಲ್ಲ. ಉತ್ತಮಪಾಳಯದ ಬಸ್ ಸ್ಟ್ಯಾಂಡು ಬಂದು, ಅರ್ಧ ಬಸ್ಸು ಇಳಿದು, ಮತ್ತೆ ತುಂಬಿ, ಕಂಡಕ್ಟರ್ ಎರಡು ಸಲ ಸೀಟಿ ಊದಿದ ಮೇಲೆ ಅವಳಿಗೆ ದನಿ ಬಂತು.

“ಕೇಳ್ಕಾ” ಎಂದಳು.